ರಿಸ್ಟೋರ್ ಮಾಡಿ ನೋಡದ ಬ್ಯಾಕಪ್

ಪ್ರಿಯ ತಂಗಿ,

ಡೇಟಾಬೇಸ್ ಸರ್ವರ್‌ನ ಹೊಣೆ ಈಗ ನಿನ್ನದು. ಕೈಪಿಡಿ ಬಿಡಿಸುವ ಮೊದಲು ಬೇರೆಯವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್‌ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ ಏನಾಯಿತೆಂದು ಓದಿಕೋ. ಆ ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ಡೇಟಾ ಮರಳಿ ತರುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು. ಇಂಥ ಪ್ರಾಮಾಣಿಕತೆ ಈ ವೃತ್ತಿಯಲ್ಲಿ ಅಪರೂಪ.

ಅಂದು ವಿಪರೀತ ಹೊರೆ ಬಿದ್ದು, ಮುಖ್ಯ ಪೋಸ್ಟ್‌ಗ್ರೆಸ್ ಸರ್ವರ್‌ನ ರೆಪ್ಲಿಕಾ ಹಿಂದುಳಿಯಿತು. ಅದಕ್ಕೆ ಬೇಕಾಗಿದ್ದ ಲಾಗ್ ಫೈಲುಗಳು ಮುಖ್ಯ ಸರ್ವರ್‌ನಲ್ಲಿ ಉಳಿದಿರಲಿಲ್ಲ, ಹಾಗಾಗಿ ರೆಪ್ಲಿಕಾವನ್ನು ಹೊಸದಾಗಿ ಕಟ್ಟಬೇಕಾಯಿತು. ನಕಲು ಮಾಡುವ ಕಮಾಂಡ್ ಏನನ್ನೂ ಹೇಳದೆ ಸುಮ್ಮನೆ ನಿಂತಿತು. ಹಳೆಯ ಡೇಟಾ ಫೋಲ್ಡರ್ ಅಡ್ಡಿಯಾಗಿದೆಯೆಂದು ಭಾವಿಸಿದ ಎಂಜಿನಿಯರ್ ಅದನ್ನು ಅಳಿಸಹೊರಟರು. ಆದರೆ ಅವರ ಟರ್ಮಿನಲ್ ತೆರೆದಿದ್ದದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು.

ನಿಜವಾದ ಆಘಾತ ಆಮೇಲಿನದು. ದಿನವೂ ಬ್ಯಾಕಪ್ ಹೋಗಿ ಸೇರಬೇಕಿದ್ದ ಜಾಗ ಖಾಲಿಯಾಗಿತ್ತು! ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಪಿಜಿ-ಡಂಪ್ 9.2ರದು, ಹೊಂದಿಕೆಯಾಗದೆ ಅದು ಪ್ರತಿಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯವನ್ನು ಡೇಟಾಬೇಸ್ ಸರ್ವರ್‌ಗಳಿಗೆ ಹಾಕಿರಲೇ ಇಲ್ಲ. ಸುಮಾರು ಆರು ಗಂಟೆ ಮುಂಚೆ ಸ್ಟೇಜಿಂಗ್ ಸರ್ವರ್‌ನ ಬೇರಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಕೋಡ್ ಸುರಕ್ಷಿತವಾಗಿತ್ತು, ಆದರೆ ಸುಮಾರು 5000 ಪ್ರಾಜೆಕ್ಟ್‌ಗಳ ವಿವರ, 5000 ಕಮೆಂಟ್, 700 ಬಳಕೆದಾರರ ಖಾತೆ ಹೋದವು.

ಆದ್ದರಿಂದ ಬ್ಯಾಕಪ್ ಕೆಟ್ಟಾಗ ಮೇಲ್ ಬರಲಿ ಎಂದು ಕಾಯಬೇಡ. ಇಂದಿನ ಫೈಲ್ ಇದೆಯೇ, ನಿನ್ನೆಯದಕ್ಕಿಂತ ಏಕಾಏಕಿ ಚಿಕ್ಕದಾಗಿದೆಯೇ ಎಂದು ಬೇರೊಂದು ಯಂತ್ರದ ಸ್ಕ್ರಿಪ್ಟ್ ದಿನವೂ ನೋಡಲಿ. ವಾರಕ್ಕೊಮ್ಮೆ ಅದನ್ನು ಖಾಲಿ ಸರ್ವರ್ ಮೇಲೆ ರಿಸ್ಟೋರ್ ಮಾಡಿ, ಮುಖ್ಯ ಟೇಬಲ್‌ಗಳ ಸಾಲುಗಳನ್ನು ಎಣಿಸು. ರೆಪ್ಲಿಕಾ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ: ಮುಖ್ಯ ಸರ್ವರ್‌ನಲ್ಲಿ ಟೇಬಲ್ ಡ್ರಾಪ್ ಆದರೆ ಕ್ಷಣದಲ್ಲಿ ಅಲ್ಲೂ ಡ್ರಾಪ್ ಆಗುತ್ತದೆ. ಪೋಸ್ಟ್‌ಗ್ರೆಸ್‌ನ ವಾಲ್ ಫೈಲುಗಳನ್ನು, ಮೈಎಸ್‌ಕ್ಯೂಎಲ್ ಆದರೆ ಬಿನ್‌ಲಾಗ್‌ಗಳನ್ನು, ಬೇರೆಡೆ ಕೂಡಿಡುತ್ತಾ ಹೋದರೆ ಅನಾಹುತದ ಹಿಂದಿನ ನಿಮಿಷಕ್ಕೆ ಮರಳಬಹುದು.

ಸಣ್ಣ ಅಭ್ಯಾಸಗಳೂ ಕಾಪಾಡುತ್ತವೆ. ಮುಖ್ಯ ಸರ್ವರ್‌ನ ಪ್ರಾಂಪ್ಟ್ ಕೆಂಪು ಬಣ್ಣದಲ್ಲಿರಲಿ, ಅದರಲ್ಲಿ ಸರ್ವರ್‌ನ ಹೆಸರು ಎದ್ದು ಕಾಣಲಿ. ಫೋಲ್ಡರನ್ನು ಅಳಿಸುವ ಬದಲು ಹೆಸರು ಬದಲಿಸಿಡು. ಎರಡು ದಿನ ಕಳೆದ ಮೇಲೆ ಅಳಿಸಿದರಾಯಿತು. ಡಿಲೀಟ್ ಬರೆಯುವ ಮುಂಚೆ ಬಿಗಿನ್ ಬರೆ, ಎಷ್ಟು ಸಾಲು ಹೋದವೆಂದು ನೋಡು, ಸರಿಯಿದ್ದರೆ ಮಾತ್ರ ಕಮಿಟ್.

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಗಿಟ್‌ಲ್ಯಾಬ್‌ನ ಆ ಸ್ನ್ಯಾಪ್‌ಶಾಟ್ ಇದ್ದದ್ದು ನಿಧಾನವಾದ ಡಿಸ್ಕ್ ಮೇಲೆ, ನಕಲು ಮಾಡುವುದರಲ್ಲೇ ಗಂಟೆಗಟ್ಟಲೆ ಕಳೆಯಿತು. ನಿನ್ನ ಡೇಟಾಬೇಸ್ ರಿಸ್ಟೋರ್ ಆಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಇಟ್ಟುಕೊಂಡು ಅಳೆ, ಆ ಅಂಕಿಯನ್ನು ನಿನ್ನ ಮ್ಯಾನೇಜರ್‌ಗೆ ಲಿಖಿತವಾಗಿ ಕೊಡು.

ಇತಿ,
ನಿನ್ನ ಅಕ್ಕ