ಹದಿನೇಳರಲ್ಲಿ ಒಂಬತ್ತನೆಯದು

ಪ್ರೀತಿಯ ಪುಟ್ಟಿ,

ನೀನು ಮೊಬೈಲಿಗೆ ಕಳಿಸಿದ ಹದಿನೇಳೂ ಚಿತ್ರ ನೋಡಿದೆ. ನಿನ್ನ ಓರಗೆಯವರೂ ಓದಲಿ ಅಂತ ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಹದಿನೇಳೂ ಒಂದೇ ತಿಂಗಳಲ್ಲಿ ಆದವು ಎಂದಿದ್ದೀಯಲ್ಲ, ನನ್ನ ತಕರಾರು ಇರುವುದೇ ಅಲ್ಲಿ.

ಚಿತ್ರಕಾರ ವಾಸುದೇವ ಗಾಯತೊಂಡೆ ವರ್ಷಕ್ಕೆ ಮುಗಿಸುತ್ತಿದ್ದದ್ದು ಬೆರಳೆಣಿಕೆಯಷ್ಟು ಕ್ಯಾನ್ವಾಸು. ಉಳಿದ ದಿನ ಸುಮ್ಮನೆ ಕೂರುತ್ತಿದ್ದರು, ನೋಡುತ್ತಿದ್ದರು. ಸೋಮಾರಿತನ ಅಂದುಕೊಳ್ಳಬೇಡ. ಅವರ ಕೆಲಸದ ದೊಡ್ಡ ಪಾಲು ಆ ಕೂರುವುದೇ ಆಗಿತ್ತು.

1924ರಲ್ಲಿ ನಾಗಪುರದಲ್ಲಿ ಹುಟ್ಟಿದ ಗೋವಾ ಮೂಲದವರು. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ 1948ರಲ್ಲಿ ಡಿಪ್ಲೊಮಾ ಮುಗಿಸಿದರು. ಮೊದಲು ಬಿಡಿಸಿದ್ದು ಮನುಷ್ಯರನ್ನೇ. ನಮ್ಮ ಹಳೆಯ ಚಿಕಣಿ ಚಿತ್ರಗಳನ್ನು ನೋಡುತ್ತಾ ನೋಡುತ್ತಾ ಅವುಗಳೊಳಗಿನ ಆಕೃತಿಗಳನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಬಣ್ಣ ಬಣ್ಣದ ಪಕ್ಕ ಹೇಗೆ ಕೂತಿದೆ ಅನ್ನುವುದನ್ನಷ್ಟೇ ಉಳಿಸಿಕೊಂಡರು. ಕೈಬಿಡುವುದಕ್ಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ! ಕೈಕಾಲು ಬಿಡಿಸಲು ಬಾರದೆ ಅಮೂರ್ತಕ್ಕೆ ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನು ಆ ಪೈಕಿ ಅಲ್ಲ, ಆದರೂ ಪೆನ್ಸಿಲ್ ಪುಸ್ತಕ ಬಿಡಬೇಡ. ಅಂದಹಾಗೆ, ‘ಅಮೂರ್ತ’ ಅನ್ನುವ ಮಾತೇ ಗಾಯತೊಂಡೆಯವರಿಗೆ ಒಗ್ಗುತ್ತಿರಲಿಲ್ಲ. ತಮ್ಮದು ‘ನಾನ್-ಆಬ್ಜೆಕ್ಟಿವ್’, ಅಂದರೆ ಯಾವ ವಸ್ತುವಿನ ಚಿತ್ರವೂ ಅಲ್ಲದ್ದು, ಎನ್ನುತ್ತಿದ್ದರು.

ಅವರು ಕೆಲಸ ಮಾಡುತ್ತಿದ್ದ ಬಗೆ ನೋಡು. ಬ್ರಷ್ ಹೆಚ್ಚುಕಡಿಮೆ ಬದಿಗಿಟ್ಟು ರೋಲರ್, ಪ್ಯಾಲೆಟ್ ನೈಫ್ ಹಿಡಿದರು. ಬಣ್ಣವನ್ನು ತೆಳ್ಳಗೆ ಒಂದರ ಮೇಲೊಂದು ಪದರವಾಗಿ ಹಚ್ಚುವುದು, ಹಸಿಯಿರುವಾಗಲೇ ಕೆರೆದು ತೆಗೆಯುವುದು. ಹರಿದ ಕಾಗದದ ಚೂರುಗಳನ್ನು ಒತ್ತಿ ಎತ್ತಿದರೆ ಅಲ್ಲೊಂದು ಗುರುತು ನಿಲ್ಲುತ್ತಿತ್ತು. ನಮ್ಮ ಹಳೇ ಮನೆಯ ಸುಣ್ಣದ ಗೋಡೆ ನೆನಪಿದೆಯಾ? ಮಳೆಗಾಲದಲ್ಲಿ ತೇವ ಹಿಡಿದಾಗ ಒಳಗಿನ ನೀಲಿ, ಅದರೊಳಗಿನ ಹಳದಿ ಮೆಲ್ಲಗೆ ಹೊರಗೆ ಇಣುಕುತ್ತಿತ್ತಲ್ಲ. ಸುಮಾರು ಹಾಗೇ. ಗೋಡೆಯದು ಕಾಲ ಮಾಡಿದ ಕೆಲಸ. ಇವರು ಕಾದು, ಆರಿಸಿ ಮಾಡಿದ್ದು.

1964ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕಿಗೆ ಹೋದರು, ಬಂದರು. ಆಮೇಲೆ ದೆಹಲಿಯ ನಿಜಾಮುದ್ದೀನ್‌ನಲ್ಲಿ ಪುಟ್ಟದೊಂದು ಬಾಡಿಗೆ ಮನೆ. 1984ರಲ್ಲಿ ಅಪಘಾತವಾಗಿ ದೊಡ್ಡ ಕ್ಯಾನ್ವಾಸು ಕೆಲಕಾಲ ನಿಂತೇಹೋಯಿತು. ಕಾಗದದ ಮೇಲೆ ಸಣ್ಣ ಸಣ್ಣ ಶಾಯಿ ಚಿತ್ರ ಮಾಡಿದರು. ತೀರಿಕೊಂಡಿದ್ದು 2001ರಲ್ಲಿ. 2013ರ ಮುಂಬೈ ಹರಾಜಿನಲ್ಲಿ ಅವರ 1979ರ ಒಂದು ಚಿತ್ರಕ್ಕೆ 23 ಕೋಟಿ ರೂಪಾಯಿ ದಾಟಿ ಬೆಲೆ ಬಂತು, ಮರುವರ್ಷ ನ್ಯೂಯಾರ್ಕಿನ ಗುಗೆನ್‌ಹೈಮ್ ದೊಡ್ಡ ಪ್ರದರ್ಶನ ಮಾಡಿತು. ಇದನ್ನು ನಿನಗೆ ಆಸೆ ಹುಟ್ಟಿಸಲು ಹೇಳುತ್ತಿಲ್ಲ. ಆ ದುಡ್ಡಿನಲ್ಲಿ ಅವರು ಒಂದು ಲೋಟ ಚಹಾವನ್ನೂ ಕುಡಿಯಲಿಲ್ಲ.

ಗ್ಯಾಲರಿಯವರು ಇನ್ನೂ ಹತ್ತು ಕೇಳಿದ್ದಾರೆ ಎಂದಿದ್ದೀಯ. ಕೇಳಲಿ ಬಿಡು. ನಿನ್ನ ಹದಿನೇಳರಲ್ಲಿ ಒಂಬತ್ತನೆಯದು, ಆ ಬೂದಿ ಬಣ್ಣದ್ದು, ಬಲಮೂಲೆಯಲ್ಲಿ ಏನೋ ಹೇಳಲು ಹೊರಟು ನಿಂತಿದೆ. ಅದನ್ನು ಮಾರಬೇಡ. ದೀಪಾವಳಿಗೆ ನಾನು ಬರುವವರೆಗೆ ಗೋಡೆಯ ಕಡೆ ಮುಖಮಾಡಿಸಿ ಇಟ್ಟಿರು.

ನಿನ್ನ ಅಜ್ಜ