ನೆರೆ ಹಾನಿಗೆ ಮನೆ ವಿಮೆ: ಕಂಪನಿಗಳನ್ನು ತೂಗಿ ನೋಡುವ ಬಗೆ



2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಹೊಡೆದ ಮಳೆಗೆ ಮಣ್ಣಿನ ಮಾಳಿಗೆಯ ಮನೆಗಳು ಸಾಲುಸಾಲಾಗಿ ಕುಸಿದವು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮಾದಾಪುರಗಳ ಕಡೆ ಗುಡ್ಡಗಳೇ ಜರಿದು ಕಾಫಿ ತೋಟಗಳೊಡನೆ ಮನೆಗಳೂ ಹೋದವು. ಮರುವರ್ಷ ಮಲಪ್ರಭೆಯ ನೀರು ನಮ್ಮ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಆ ವರ್ಷ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಪ್ರತಿ ಮಳೆಗಾಲಕ್ಕೂ ಅಷ್ಟೇ ಪರಿಹಾರ ಬರುವುದೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಮನೆಗೆ ವಿಮೆ ಬೇಕು. ಯಾವ ಕಂಪನಿಯದು ಮೇಲು ಎಂಬುದೇ ಪ್ರಶ್ನೆ.

ಪಾಲಿಸಿಯ ಷರತ್ತುಗಳನ್ನು ಓದಿ ಇದನ್ನು ತೀರ್ಮಾನಿಸಲಾಗದು. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಯಲ್ಲಿದೆ. ನೆರೆ, ಬಿರುಗಾಳಿ, ಭೂಕುಸಿತ ಇವೆಲ್ಲ ಅದರಲ್ಲಿ ಸೇರಿವೆ. ಮನೆಯ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ಇದೆ. ಮಾತು ಒಂದೇ ಆದಮೇಲೆ ಉಳಿಯುವ ವ್ಯತ್ಯಾಸ, ಹಾನಿಯಾದ ಮೇಲೆ ಕಂಪನಿ ನಡೆದುಕೊಳ್ಳುವ ರೀತಿ. ಅದನ್ನು ಅಳೆಯಲು ಮೂರು ಮಾನದಂಡಗಳಿವೆ.

ಮೊದಲನೆಯದು, ಕಾಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸೂಚನೆಯಂತೆ ಕ್ಲೇಮಿನ ಸುದ್ದಿ ತಲುಪಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು. ಅವರ ವರದಿ 15 ದಿನದಲ್ಲಿ ಬರಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಪಾಲಿಸಿ ಕೊಳ್ಳುವಾಗಲೇ ಶಾಖೆಯವರನ್ನು ಕೇಳಿರಿ: ಶಿರಹಟ್ಟಿ ಭಾಗಕ್ಕೆ ಸರ್ವೇಯರು ಯಾವ ಊರಿನಿಂದ ಬರುತ್ತಾರೆ? ರಸ್ತೆ ಕಡಿದುಹೋದರೆ ಫೋಟೋ, ವಿಡಿಯೋ ಒಪ್ಪುತ್ತೀರಾ? ಉತ್ತರ ಕೊಡಲು ತಡವರಿಸುವವರು ಪರಿಹಾರ ಕೊಡಲೂ ತಡವರಿಸಬಹುದು.

ಎರಡನೆಯದು, ಅಂಕಿಗಳು. ‘ನೂರಕ್ಕೆ ಇಷ್ಟು ಕ್ಲೇಮು ತೀರಿಸಿದ್ದೇವೆ’ ಎಂಬ ಜಾಹೀರಾತಿಗೆ ಮರುಳಾಗಬಾರದು. ಆ ಲೆಕ್ಕದಲ್ಲಿ ಬಹುಪಾಲು ವಾಹನ ಮತ್ತು ಆರೋಗ್ಯ ವಿಮೆಯದು. ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕಪತ್ರವನ್ನು ಸಾರ್ವಜನಿಕರ ಮುಂದಿಡಬೇಕು. ಅದರಲ್ಲಿ ಎನ್‌ಎಲ್-39 ಎಂಬ ಪಟ್ಟಿ, ಕ್ಲೇಮು ತೀರಿಸಲು ಎಷ್ಟು ತಿಂಗಳು ಹಿಡಿಯಿತೆಂದು ತೋರಿಸುತ್ತದೆ. ಅಲ್ಲಿ ‘ಬೆಂಕಿ ವಿಮೆ’ಯ ಸಾಲನ್ನು ನೋಡಿರಿ, ಮನೆ ವಿಮೆ ಆ ವಿಭಾಗಕ್ಕೆ ಸೇರಿದ್ದು. ಕಾರ್ಖಾನೆಗಳ ಕ್ಲೇಮೂ ಅದರಲ್ಲಿ ಬೆರೆತಿರುವುದರಿಂದ ಇದು ದಿಕ್ಸೂಚಿಯೇ ಹೊರತು ಅಂತಿಮ ತೀರ್ಪಲ್ಲ. ಒಣ ತಿಂಗಳಲ್ಲಿ ಬೇಗ ಹಣ ಕೊಡುವುದು ದೊಡ್ಡ ಮಾತಲ್ಲವಾದ್ದರಿಂದ ನೆರೆ ಬಂದ ವರ್ಷದ ಅಂಕಿಗಳನ್ನೇ ಹೋಲಿಸಬೇಕು.

ಮೂರನೆಯದು, ದೂರುಗಳು. ಎನ್‌ಎಲ್-45 ಪಟ್ಟಿಯಲ್ಲಿ ಕಂಪನಿಯ ಮೇಲೆ ಬಂದ ದೂರುಗಳ ಲೆಕ್ಕವಿದೆ. ದೂರಿನ ಸಂಖ್ಯೆಯನ್ನು ಹಾಗೆಯೇ ಹೋಲಿಸದೆ, ಪಾಲಿಸಿಗಳ ಸಂಖ್ಯೆಗೆ ಭಾಗಿಸಿ ನೋಡಿರಿ. ದೊಡ್ಡ ಕಂಪನಿಗೆ ದೂರೂ ಹೆಚ್ಚು ಬರುವುದು ಸಹಜ.

ಬೆಳ್ಳಟ್ಟಿಯಂಥ ಊರಿನಲ್ಲಿ ಹೊಳೆಯ ನೀರಿಗಿಂತ ನಿಂತ ಮಳೆನೀರಿನ ಭಯವೇ ಹೆಚ್ಚು. ‘ಹೊಳೆ ಉಕ್ಕಿಲ್ಲ, ಇದು ನೆರೆಯಲ್ಲ’ ಎಂದು ಯಾರಾದರೂ ಕ್ಲೇಮು ತಳ್ಳಿದರೆ ಒಂದು ತೀರ್ಪು ನೆನಪಿರಲಿ. ಓರಿಯಂಟಲ್ ಇನ್ಶೂರೆನ್ಸ್ ಮತ್ತು ಜೆ.ಕೆ. ಸಿಮೆಂಟ್ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ, ಜೋರು ಮಳೆಯಿಂದ ನೀರು ನಿಂತು ಆದ ಹಾನಿಯೂ ನೆರೆ-ಜಲಾವೃತದ ರಕ್ಷಣೆಗೆ ಸೇರುತ್ತದೆಂದು ಹೇಳಿದೆ. ಆದರೆ ಹಳೆಯ ಮಾಳಿಗೆ ವರ್ಷವರ್ಷವೂ ಸೋರಿ ಶಿಥಿಲವಾದದ್ದು ಬೇರೆ ಮಾತು, ಸವಕಳಿಗೆ ವಿಮೆಯಿಲ್ಲ.

ನಮ್ಮ ಕಡೆಯ ಕೆಲಸವೂ ಚೊಕ್ಕವಾಗಿರಬೇಕು. ಗೋಡೆ ಮಣ್ಣಿನದೋ ಕಲ್ಲಿನದೋ, ಮೇಲೆ ಮಾಳಿಗೆಯೋ ಹೆಂಚೋ ಎಂಬುದನ್ನು ಅರ್ಜಿಯಲ್ಲಿ ಇದ್ದಂತೆ ಬರೆಸಿರಿ. ಮಳೆಗಾಲಕ್ಕೆ ಮುಂಚೆಯೇ ಮನೆಯ ನಾಲ್ಕೂ ಕಡೆಯ ಫೋಟೋ ತೆಗೆದಿಡಿರಿ. ಹಾನಿಯಾದೊಡನೆ ಕಂಪನಿಗೆ ತಿಳಿಸಿ, 30 ದಿನದೊಳಗೆ ಕ್ಲೇಮು ಅರ್ಜಿ ಸಲ್ಲಿಸಿರಿ. ಸರ್ವೇಯರು ನೋಡುವ ಮುನ್ನ ಬಿದ್ದದ್ದನ್ನು ಪೂರ್ತಿ ತೆರವು ಮಾಡಬೇಡಿರಿ. ಇನ್ನೊಂದು ಮಾತು: ಮಾರಲೆಂದು ಮನೆಯಲ್ಲಿಟ್ಟ ಅಡಿಕೆ, ಕಾಫಿ ಚೀಲಗಳು ಮನೆಯ ಸಾಮಾನಲ್ಲ. ಅಂಥ ದಾಸ್ತಾನಿಗೆ ಬೇರೆ ಪಾಲಿಸಿ ಮಾಡಿಸಬೇಕು.

ಕಂಪನಿ ಕ್ಲೇಮು ನಿರಾಕರಿಸಿದರೆ ಮೊದಲು ಅಲ್ಲಿಯೇ ಲಿಖಿತ ದೂರು ಕೊಡಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ಬರೆಯಬಹುದು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯವನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ವಿಚಾರಿಸುತ್ತಾರೆ.

ನೂರಿನ್ನೂರು ರೂಪಾಯಿ ಕಂತು ಕಡಿಮೆ ಎಂಬ ಒಂದೇ ಕಾರಣಕ್ಕೆ ಕಂಪನಿಯನ್ನು ಆರಿಸುವುದು ಜಾಣತನವಲ್ಲ. ಸಸಿ ಕೊಳ್ಳುವಾಗ ಬೇರು ನೋಡುವವರು ನಾವು. ವಿಮೆ ಕೊಳ್ಳುವಾಗಲೂ ಬೇರನ್ನೇ ನೋಡೋಣ.