ರಾಯಭಾರಿ ಸುಳ್ಳು ಹೇಳದಿರಲಿ

ಮಗಳೇ, ನಿನ್ನ ಕಥೆ ಓದಿದೆ. ಅನ್ಯಲೋಕದ ರಾಯಭಾರಿ ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡುವ ಭಾಗ ಕಣ್ಣಿಗೆ ಕಟ್ಟುವಂತಿದೆ. ಆದರೆ ಅವನು ಬಾಯಿ ಬಿಟ್ಟರೆ ಸುಳ್ಳು. ಮೂರನೇ ಪುಟಕ್ಕೇ ಓದುಗರಿಗೆ ಅವನ ಬಣ್ಣ ತಿಳಿದುಹೋಗುತ್ತದೆ, ಕಥೆಯೊಳಗಿನ ಜನರಿಗೆ ಮಾತ್ರ ಕೊನೆವರೆಗೂ ತಿಳಿಯುವುದಿಲ್ಲ. ಆಗ ಅವರು ಬರೀ ದಡ್ಡರಾಗಿ ಕಾಣುತ್ತಾರೆ. ಓದುವವರು ‘ನಾನಾಗಿದ್ದರೆ ಮೋಸಹೋಗುತ್ತಿರಲಿಲ್ಲ’ ಎಂದುಕೊಂಡು ನೆಮ್ಮದಿಯಾಗಿ ಪುಟ ಮಗುಚುತ್ತಾರೆ. ವಿಡಂಬನೆ ಸೋಲುವುದು ಅಲ್ಲಿಯೇ. ಓದುವವರೂ ಆ ಗುಂಪಿನಲ್ಲಿ ನಿಂತು ಚಪ್ಪಾಳೆ ತಟ್ಟಿರಬೇಕು.

ಡೇಮನ್ ನೈಟ್ 1950ರಲ್ಲಿ ಬರೆದ ‘ಟು ಸರ್ವ್ ಮ್ಯಾನ್’ ಕಥೆಯನ್ನು ಮತ್ತೊಮ್ಮೆ ಓದು. ಅನ್ಯಲೋಕದಿಂದ ಹಂದಿಯಂಥ ಮುಖದ ಕನಾಮಿಟ್‌ಗಳು ವಿಶ್ವಸಂಸ್ಥೆಗೆ ಬರುತ್ತಾರೆ. ಅಗ್ಗದ ವಿದ್ಯುತ್ತು ಕೊಡುತ್ತಾರೆ, ಹಸಿವು ನೀಗಿಸುತ್ತಾರೆ, ಸ್ಫೋಟಕಗಳೇ ಕೆಲಸ ಮಾಡದಂತೆ ಮಾಡಿ ಯುದ್ಧ ನಿಲ್ಲಿಸುತ್ತಾರೆ. ಅವರಿಂದ ಕದ್ದು ತಂದ ಪುಸ್ತಕ ಮನುಷ್ಯರನ್ನು ಬೇಯಿಸುವ ಅಡುಗೆ ಪುಸ್ತಕ ಎಂದು ಕೊನೆಯಲ್ಲಿ ಬಯಲಾಗುತ್ತದೆ. 1962ರಲ್ಲಿ ‘ಟ್ವೈಲೈಟ್ ಝೋನ್’ ಧಾರಾವಾಹಿಯಲ್ಲಿ ಬಂದ ಮೇಲಂತೂ ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಕೊನೆಯೊಂದೇ. ನೀನು ಕಲಿಯಬೇಕಾದದ್ದು ನಡುವಿನ ಒಂದು ಪ್ರಸಂಗದಿಂದ. ಅನುಮಾನಪಟ್ಟ ಮನುಷ್ಯರು ಆ ಅತಿಥಿಗಳಲ್ಲೊಬ್ಬನನ್ನು ಸುಳ್ಳುಪತ್ತೆ ಯಂತ್ರದ ಪರೀಕ್ಷೆಗೆ ಒಡ್ಡುತ್ತಾರೆ. ಯಾಕೆ ಬಂದಿರಿ ಎಂಬ ಪ್ರಶ್ನೆಗೆ ಅವನು, ನಾವು ಉಣ್ಣುತ್ತಿರುವ ಶಾಂತಿ ಸಮೃದ್ಧಿಯನ್ನು ನಿಮಗೂ ಕೊಡಲು ಎನ್ನುತ್ತಾನೆ. ಯಂತ್ರ ಅದನ್ನು ನಿಜವೆಂದೇ ತೋರಿಸುತ್ತದೆ. ನಿಜವೇ ತಾನೆ! ಬಸವಣ್ಣನವರ ವಚನದ ಹರಕೆಯ ಕುರಿಗೂ ಹಬ್ಬದ ದಿನ ಮೇವಿಗೆ ಕೊರತೆ ಇರಲಿಲ್ಲ. ಕೊಟ್ಟದ್ದು ಸುಳ್ಳಲ್ಲ, ಆಡಿದ ಮಾತು ಸುಳ್ಳಲ್ಲ. ಜನ ತಮಗೆ ಬೇಕಾದ ಉತ್ತರ ಸಿಕ್ಕ ಕೂಡಲೇ ಕೇಳುವುದನ್ನು ನಿಲ್ಲಿಸಿದರು, ಅಷ್ಟೇ.

ಇದು ಕಥೆಗಾರರ ಕಲ್ಪನೆ ಮಾತ್ರ ಎಂದುಕೊಳ್ಳಬೇಡ. ಮನೆಯಲ್ಲೇ ಕೂತು ಸಂಪಾದಿಸಿ ಎಂದು ಮೊಬೈಲಿಗೆ ಬರುವ ಸಂದೇಶಗಳ ಮೋಸ ನೋಡು. ಮೊದಮೊದಲು ಸಣ್ಣ ಮೊತ್ತ ನಿಜವಾಗಿಯೂ ಖಾತೆಗೆ ಬಂದು ಬೀಳುತ್ತದೆ. ಆ ನಿಜವೇ ಗಾಳ.

ಇನ್ನೊಂದು ಮಾತು. ಟಿಮ್ ಬರ್ಟನ್‌ನ ‘ಮಾರ್ಸ್ ಅಟ್ಯಾಕ್ಸ್!’ ಸಿನಿಮಾದಲ್ಲಿ (1996) ಮಂಗಳ ಗ್ರಹದವರು ಮೊದಲ ಭೇಟಿಯಲ್ಲೇ ಜನರನ್ನು ಕೊಲ್ಲುತ್ತಾರೆ. ಯಾರೋ ಪಾರಿವಾಳ ಹಾರಿಬಿಟ್ಟಿದ್ದರಲ್ಲ, ಅವರ ಸಂಸ್ಕೃತಿಯಲ್ಲಿ ಅದು ಯುದ್ಧದ ಗುರುತಿದ್ದೀತು ಎಂದು ಮನುಷ್ಯರೇ ಸಮಾಧಾನ ಹುಡುಕಿಕೊಳ್ಳುತ್ತಾರೆ. ಅಷ್ಟು ಮುಂದುವರಿದ ನಾಗರಿಕತೆ ಕ್ರೂರವಾಗಿರಲಾರದು ಎನ್ನುವವನು ಅಮೆರಿಕದ ಅಧ್ಯಕ್ಷರಿಗೆ ಸಲಹೆ ಕೊಡುವ ಪ್ರೊಫೆಸರ್. ಕ್ಷಮೆ ಕೇಳಿದವರನ್ನು ಸಂಸತ್ತಿಗೇ ಕರೆಸಿಕೊಳ್ಳುತ್ತಾರೆ, ಅಲ್ಲೂ ಹೆಣ ಬೀಳುತ್ತವೆ. ಕೊಲೆಗಾರನ ಪರವಾಗಿ ವಾದ ಕಟ್ಟುವ ಕೆಲಸವನ್ನು ಮನುಷ್ಯರೇ ಮಾಡುತ್ತಾರೆ ಎನ್ನುವುದು ನನಗೆ ಆ ಸಿನಿಮಾದ ಅತ್ಯಂತ ಗಂಭೀರವಾದ ಮಾತು. ನಿನ್ನ ಕಥೆಯಲ್ಲಿ ಈ ಕೆಲಸವನ್ನೂ ರಾಯಭಾರಿಯೇ ಮಾಡುತ್ತಾನೆ. ಅವನಿಂದ ಕಿತ್ತು ಊರಿನವರಿಗೆ ಕೊಡು.

ಅನುಮಾನಪಡುವವರ ಗತಿ ಏನಾಗುತ್ತದೆ ಎನ್ನುವುದಕ್ಕೆ 1983ರ ಕಿರುಧಾರಾವಾಹಿ ‘ವಿ’ ನೋಡು. ಅದು ವಿಡಂಬನೆಯಲ್ಲ, ಸಿಂಕ್ಲೇರ್ ಲೂಯಿಸ್‌ನ 1935ರ ರಾಜಕೀಯ ಕಾದಂಬರಿಯೊಂದರಿಂದ ಪ್ರೇರಣೆ ಪಡೆದು ಕೆನೆತ್ ಜಾನ್ಸನ್ ಮಾಡಿದ ನೇರವಾದ ಎಚ್ಚರಿಕೆ. ಸ್ನೇಹದ ಹೆಸರಲ್ಲಿ ಬಂದವರು ವಿಜ್ಞಾನಿಗಳ ಮೇಲೆ ಪಿತೂರಿಯ ಆರೋಪ ಹೊರಿಸುತ್ತಾರೆ. ಹುಡುಗರಿಗೆ ಸಮವಸ್ತ್ರ ಹಂಚುತ್ತಾರೆ. ಅಡಗಿ ಕೂತವರನ್ನು ಹಿಡಿದುಕೊಡುವವನು ಅಂಥ ಸಮವಸ್ತ್ರ ತೊಟ್ಟ ನೆರೆಮನೆಯ ಹುಡುಗ.

ನಿನ್ನ ಕಥೆಯಲ್ಲಿ ಎಲ್ಲರಿಗಿಂತ ಮೊದಲು ಅನುಮಾನಪಡುವ ಆ ನಿವೃತ್ತ ಟೀಚರ್ ನನಗೆ ತುಂಬಾ ಹಿಡಿಸಿದಳು. ಆದರೆ ಅವಳಿಗೆ ಏನೂ ಬೇಕಾಗಿಲ್ಲ, ಅದಕ್ಕೇ ಅವಳ ಧೈರ್ಯ ಅಗ್ಗವಾಗಿದೆ. ಅವಳಿಗೂ ಒಂದು ಕೊರತೆ ಇರಲಿ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಮೊಮ್ಮಗನಿರಲಿ. ರಾಯಭಾರಿ ಯಾವ ಷರತ್ತೂ ಹಾಕದೆ ಆ ಹುಡುಗನನ್ನು ಗುಣಪಡಿಸಲಿ, ನಿಜವಾಗಿಯೂ ಗುಣಪಡಿಸಲಿ. ಮರುದಿನ ಸಭೆಯಲ್ಲಿ ಅವಳು ಪ್ರಶ್ನೆ ಕೇಳಲು ಏಳುತ್ತಾಳೋ ಇಲ್ಲವೋ, ಅದನ್ನು ಬರೆ. ಅವಳು ಏಳದಿದ್ದರೆ ಅವಳನ್ನು ಹೀಯಾಳಿಸಬೇಡ. ಹಸಿದವರು, ಕಾಯಿಲೆಯವರು, ದಿಕ್ಕಿಲ್ಲದವರು ನಂಬುವುದು ಪೆದ್ದುತನದಿಂದಲ್ಲ, ನಂಬದೆ ಬೇರೆ ದಾರಿಯಿಲ್ಲದೆ. ನಿನ್ನ ಕೋಪವನ್ನೆಲ್ಲ ಆ ಕೊರತೆಯನ್ನು ಅಷ್ಟು ವರ್ಷ ಹಾಗೇ ಉಳಿಸಿದವರ ಕಡೆಗೆ ತಿರುಗಿಸು. ಅವರೂ ಅದೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಆ ಸಭೆಯ ಭಾಗವನ್ನು ಮೊದಲು ತಿದ್ದು. ಉಳಿದದ್ದು ಆಮೇಲಾದರೂ ಆದೀತು.